ಇಪ್ಪತ್ತು ಡಿಗ್ರಿಯ ಕೋಣೆಯವರು

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ಪೀಣ್ಯದ ತಗಡಿನ ಶೆಡ್ಡೊಂದರ ಕೆಳಗೆ ಮೂವತ್ತು ಜನ ಬೆವರಿನ ಬನಿಯನ್ ಹಿಂಡಿಕೊಳ್ಳುತ್ತಿರುವಾಗ, ಕೈಯಲ್ಲಿ ಹೆಣೆದ ಕಂದು ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ಊಟದ ಡಬ್ಬಿ ಹಿಡಿದು ಬರುವ ಮನುಷ್ಯನನ್ನು ನೀವು ನೋಡಿರಲಾರಿರಿ. ನಾನು ಹನ್ನೆರಡು ವರ್ಷ ನೋಡಿದ್ದೇನೆ. ಸ್ವೆಟರಿನ ಬಲ ಮೊಣಕೈಗೆ ಹಸಿರು ಉಲ್ಲನ್ನಿನ ತೇಪೆಯಿತ್ತು. ದಿನವೂ ಕಲ್ಲಿನ ಮೇಜಿಗೆ ಮೊಣಕೈ ಊರಿ ಅಳತೆ ನೋಡಿ ನೋಡಿ ಸವೆದ ಜಾಗ ಅದು.

ಅವರು ನಮ್ಮ ಕಾರ್ಖಾನೆಯ ಕ್ಯೂಸಿ ಸಾರ್. ಅಂದರೆ ತಯಾರಾದ ಮಾಲನ್ನು ಅಳೆದು, ಸರಿಯಿದ್ದರೆ ಸಹಿ ಹಾಕುವ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಆಚೆಗಿಡುವ ಅಧಿಕಾರಿ. ಸರ್ಕಾರಿ ಕಾರ್ಖಾನೆಯಲ್ಲಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ನಾನು ಆಫೀಸಿನಲ್ಲಿ ಪತ್ರವ್ಯವಹಾರ ನೋಡುವವನು. ಅಳತೆಯ ವಿಷಯದಲ್ಲಿ ನನ್ನ ಜ್ಞಾನ ಶರ್ಟಿನ ಕಾಲರಿಗೆ ಮುಗಿಯುತ್ತದೆ. ಅವರೇ ನನಗೆ ತಿಳಿಸಿದ್ದು: ಅಳೆಯುವ ಕೋಣೆ ಸದಾ ಇಪ್ಪತ್ತು ಡಿಗ್ರಿಯಲ್ಲಿರಬೇಕೆಂಬುದು ಲೋಕದ ನಿಯಮ. ನಿಯಮ ಮಾಡಿದ ಮಹನೀಯರು ತಂಪು ದೇಶದವರಿರಬೇಕು. ಅವರಿಗೆ ಕಿಟಕಿ ತೆರೆದರೆ ಇಪ್ಪತ್ತು ಸಿಗುತ್ತಿತ್ತೇನೋ, ನಮಗೆ ಎರಡು ಏಸಿ ಬೇಕಾಗಿತ್ತು.

ಶೆಡ್ಡಿನಿಂದ ಬಂದ ಬಿಸಿ ಉಕ್ಕನ್ನು ಅವರು ಕೂಡಲೇ ಮುಟ್ಟುತ್ತಿರಲಿಲ್ಲ. ಕಲ್ಲಿನ ಮೇಜಿನ ಮೇಲೆ ಗಂಟೆಗಟ್ಟಲೆ ಮಲಗಿಸುತ್ತಿದ್ದರು. ಹೊರಗೆ ಗಾಡಿ ನಿಂತಿದೆಯೆಂದು ಓನರ್ ಕೂಗಾಡಿದರೆ ಒಂದೇ ಉತ್ತರ: "ಬಿಸಿಲಿಂದ ಬಂದಿದೆ ಸ್ವಾಮೀ, ಸ್ವಲ್ಪ ಸುಧಾರಿಸ್ಕೊಳ್ಳಲಿ." ಮನೆಗೆ ಬಂದ ಬೀಗರ ಬಗ್ಗೆಯೂ ಯಾರೂ ಇಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಅಭ್ಯಾಸ. ಯಾವ ಸಂಖ್ಯೆಯನ್ನೂ ಅವರು ಒಂಟಿಯಾಗಿ ಬಿಡುತ್ತಿರಲಿಲ್ಲ. ಅವರ ರಿಜಿಸ್ಟರಿನಲ್ಲಿ ಅಳತೆಗೊಂದು ಖಾನೆಯಾದರೆ ಅದರ ಪಕ್ಕದಲ್ಲಿ 'ಹೆಚ್ಚುಕಡಿಮೆ' ಎಂದು ಇನ್ನೊಂದು ಖಾನೆ. ತಮ್ಮ ಅಳತೆ ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂಬುದನ್ನು ಅಲ್ಲಿ ಬರೆಯುವುದು. "ಹೆಚ್ಚುಕಡಿಮೆ ಎಷ್ಟು ಅಂತ ಹೇಳದವನು ಅಳೆದಿಲ್ಲ ಕಣ್ರೀ, ಊಹೆ ಮಾಡಿದಾನೆ" ಎನ್ನುತ್ತಿದ್ದರು. ಮಗಳ ಮದುವೆಗೆ ನನ್ನನ್ನು ಕರೆದಾಗಲೂ "ಮುಹೂರ್ತ ಹತ್ತೂ ಇಪ್ಪತ್ತಕ್ಕೆ, ಹೆಚ್ಚುಕಡಿಮೆ ಒಂದು ಕಾಲು ಗಂಟೆ" ಎಂದೇ ಕರೆದರು. ತಾಳಿ ಕಟ್ಟಿದ್ದು ಹತ್ತೂವರೆಗೆ. ಲೆಕ್ಕದೊಳಗೇ ಇತ್ತು.

ಹೀಗಿರುವಾಗ ನಮ್ಮ ಮಾಲು ಕೊಳ್ಳುವ ವಿದೇಶಿ ಕಂಪನಿಯಿಂದ ಒಂದು ಫಾರಂ ಬಂತು. ಹವಾಮಾನ ಬದಲಾವಣೆಯಿಂದ ನಿಮ್ಮ ಘಟಕಕ್ಕಿರುವ ಅಪಾಯವನ್ನು ತಿಳಿಸಿರಿ. ಬಿಸಿಯ ಅಪಾಯ: ಕಡಿಮೆ, ಮಧ್ಯಮ, ಹೆಚ್ಚು, ಒಂದಕ್ಕೆ ಟಿಕ್ ಹಾಕಿರಿ. ಭೂಗೋಳದ ಭವಿಷ್ಯವನ್ನು ನಿರ್ಧರಿಸುವ ಹೊಣೆ ಹೀಗೆ ನನ್ನ ಬಾಲ್‌ಪೆನ್ನಿನ ಮೇಲೆ ಬಿತ್ತು. ಫಾರಂ ಕಳಿಸಿದ ಬೆಳ್ಳಂದೂರಿನ ಆಫೀಸಿಗೆ ಫೋನ್ ಮಾಡಿದೆ. ಬಹಳ ವಿನಯದ ಹುಡುಗಿ.

"ಸಾರ್, ನಮ್ಮ ಮಾಡೆಲ್ ಪ್ರಕಾರ ನಿಮ್ದು ಲೋ ರಿಸ್ಕ್. ಟಿಕ್ ಹಾಕಿ ಕಳಿಸಿಬಿಡಿ ಸಾರ್, ಸಾಕು."

ಕ್ಯೂಸಿ ಸಾರ್ ಪಕ್ಕದಲ್ಲೇ ಇದ್ದರು. "ಅವರ ಥರ್ಮಾಮೀಟರ್ ಎಲ್ಲಿದೆ ಅಂತ ಕೇಳಿ" ಎಂದರು. ಕೇಳಿದೆ.

"ಥರ್ಮಾಮೀಟರ್ ಅಂತ ಇಲ್ಲ ಸಾರ್. ಭೂಮೀನ ದೊಡ್ಡ ದೊಡ್ಡ ಚೌಕ ಮಾಡಿರ್ತೀವಿ. ಒಂದೊಂದು ಚೌಕಕ್ಕೆ ಒಂದು ನಂಬರ್. ನಿಮ್ಮ ಚೌಕದಲ್ಲಿ ಒಂದು ಕೆರೆ, ಒಂದು ತೋಪು ಎಲ್ಲಾ ಬರುತ್ತಲ್ಲ ಸಾರ್, ಸರಾಸರಿ ತಂಪೇ."

ಕ್ಯೂಸಿ ಸಾರ್ ಮಫ್ಲರ್ ಬಿಚ್ಚಿದರು. ಅದು ಅವರ ಕೋಪದ ಗುರುತು. "ಹಾಗಾದ್ರೆ ನಮ್ಮ ಸಾಬಣ್ಣಂಗೆ ಹೋಗಿ ಆ ಕೆರೇಲಿ ನಿಂತ್ಕೊಂಡು ಗ್ರೈಂಡಿಂಗ್ ಮಾಡೋಕೆ ಹೇಳಿ."

ಸಾಬಣ್ಣ ಯಾದಗಿರಿ ಕಡೆಯವನು. ಉಕ್ಕಿನ ಸರಳು ಉಜ್ಜುವ ಗ್ರೈಂಡಿಂಗ್ ಮೆಷಿನ್ನು ಅವನದು. ಶೆಡ್ಡಿನಲ್ಲಿ ಅದೇ ಅತಿ ಬಿಸಿಯ ಮೂಲೆ. ಬಿಸಿಲಿನ ನಾಡಿನವನಿಗೆ ಇದೇನು ಮಹಾ ಎಂದು ನಾನು ಒಮ್ಮೆ ಛೇಡಿಸಿದ್ದೆ. "ನಮ್ಮ ಕಡಿ ಬಿಸಲ ಜಾಸ್ತೀನ ಐತ್ರಿ. ಆದ್ರ ಅಲ್ಲಿ ಮಧ್ಯಾಹ್ನ ಗಿಡದ ಬುಡಕ ಕುಂದರತೀವಿ. ಇಲ್ಲಿ ತಗಡಿನ ಬುಡಕ ನಿಂದರತೀವಿ" ಎಂದಿದ್ದ. ಮಧ್ಯಾಹ್ನ ಎರಡರಿಂದ ನಾಲ್ಕು ಕೆಲಸ ನಿಲ್ಲಿಸಿ, ಬೇಕಾದರೆ ಬೆಳಿಗ್ಗೆ ಬೇಗ ಬರುತ್ತೇವೆಂದು ಕೆಲಸಗಾರರು ಕೇಳಿದ್ದರು. ಓನರ್ ಒಪ್ಪಿರಲಿಲ್ಲ.

ಕ್ಯೂಸಿ ಸಾರ್ ಶೆಡ್ಡಿನ ಮೂರು ಕಡೆ ಥರ್ಮಾಮೀಟರ್ ತೂಗುಹಾಕಿದರು. ಒಂದು ವಾರ ಸ್ವೆಟರ್ ಕಳಚಿ, ಬೆವರುತ್ತಾ, ಗಂಟೆಗೊಮ್ಮೆ ಬರೆದುಕೊಂಡರು. ಮೂರೂ ಮೂರು ಬಗೆ ಹೇಳಿದವು. ಫ್ಯಾನ್ ತಿರುಗಿಸಿದರೆ ಒಂದು, ಶಟರ್ ಎತ್ತಿದರೆ ಇನ್ನೊಂದು. ಕಡೆಗೆ ಓನರ್ ಎದುರು ಕಾಗದವಿಟ್ಟರು: ಮೂವತ್ತೊಂಬತ್ತು, ಹೆಚ್ಚುಕಡಿಮೆ ಮೂರು.

ಓನರ್ ಕಾಗದವನ್ನು ದೂರ ಹಿಡಿದು ಓದಿದರು. "ಅಂದ್ರೆ ಮೂವತ್ತಾರೂ ಇರಬಹುದು?"

"ಇರಬಹುದು. ನಲವತ್ತೆರಡೂ ಇರಬಹುದು."

"ಮೂವತ್ತಾರು ಅಂದ್ರೆ ಮೈ ಶಾಖಕ್ಕಿಂತ ಕಮ್ಮಿ ಅಲ್ವೇನ್ರೀ? ನೀವೇ ಗ್ಯಾರಂಟಿ ಕೊಡಲ್ಲ. ನಾನ್ಯಾಕ್ರೀ ಎರಡು ಗಂಟೆ ಮೆಷಿನ್ ನಿಲ್ಲಿಸ್ಲಿ?"

ಕ್ಯೂಸಿ ಸಾರ್ ಕಾಗದ ಮಡಚಿ ಜೇಬಿಗಿಟ್ಟರು. ಜೀವಮಾನವಿಡೀ ಸಾಕಿದ್ದ ಪ್ರಾಮಾಣಿಕತೆ ಹೀಗೆ ತಿರುಗಿ ಬಂದು ಕಚ್ಚೀತೆಂದು ಅವರು ಎಣಿಸಿರಲಿಲ್ಲವೆಂದು ಕಾಣುತ್ತದೆ. ಸುಮ್ಮನೆ ನಲವತ್ತೆರಡು ಎಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. "ಅಳೆದ ಹಾಗೆ ಆಗ್ತಿರಲಿಲ್ಲ" ಎಂದಷ್ಟೇ ಹೇಳಿದರು.

ಮಾರನೆಯ ವಾರ, ಮೂರು ಗಂಟೆ ಹೊತ್ತಿಗೆ, ಸಾಬಣ್ಣ ಮೆಷಿನ್ ಪಕ್ಕದಲ್ಲಿ ಕುಸಿದು ಬಿದ್ದ. ಓನರ್ ಕೂಡ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿದ್ದ ಅಳತೆಯ ಕೋಣೆಯ ಬಾಗಿಲನ್ನು ಕ್ಯೂಸಿ ಸಾರ್ ತಾವೇ ಹಾರುಹೊಡೆದು, "ಇಲ್ಲಿ ತನ್ನಿ, ಇಲ್ಲಿ ತನ್ನಿ" ಎಂದು ಕೂಗಿದರು. ಕಲ್ಲಿನ ಮೇಜಿನ ಕೆಳಗೆ ಮಲಗಿಸಿ ಒದ್ದೆ ಬಟ್ಟೆ ಹಾಕಿದೆವು. ಡಾಕ್ಟರ್ ಬಂದು ನೋಡಿ, ತಂಪಿಗೆ ತಂದದ್ದೇ ಒಳ್ಳೆಯದಾಯಿತೆಂದರು. ಸಾಬಣ್ಣ ಕಣ್ಣು ಬಿಟ್ಟು ಸುತ್ತ ನೋಡಿದ.

"ನಾ ಸತ್ತೇನ್ರಿ ಸಾಹೇಬ್ರ? ಇದು ಸ್ವರ್ಗೇನ್ರಿ?"

"ಅಲ್ಲಪ್ಪ, ಕ್ಯೂಸಿ ರೂಮು. ಮಲಕ್ಕೋ, ಸುಧಾರಿಸ್ಕೋ."

ಇದಾದ ಎರಡು ದಿನಕ್ಕೆ ಕ್ಯೂಸಿ ಸಾರ್ ಒಂದು ತಟ್ಟೆ ತುಂಬ ಉಕ್ಕಿನ ಸರಳು ಹಿಡಿದು ಓನರ್ ಕೋಣೆಗೆ ಹೋದರು. ಸಾಕ್ಷಿಯೆಂಬಂತೆ ನಾನೂ ಹಿಂದೆ.

"ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಉಜ್ಜಿದ ಮಾಲು ಇದು. ಶೆಡ್ಡಲ್ಲಿ ಬಿಸಿಗೆ ಹಿಗ್ಗಿರುತ್ತೆ, ಅಳತೆ ಸರಿ ತೋರಿಸುತ್ತೆ. ನನ್ನ ಕೋಣೇಲಿ ತಣ್ಣಗಾದ ಮೇಲೆ ಕುಗ್ಗುತ್ತೆ. ಬೇಸಿಗೇಲಿ ಆ ಎರಡು ಗಂಟೆ ಮಾಲಿಗೆ ನಾನು ಸಹಿ ಹಾಕಲ್ಲ."

ಓನರ್ ಕುರ್ಚಿಯಿಂದ ಎದ್ದರು. "ಅಯ್ಯೋ! ಮೊದಲೇ ಹೇಳಬಾರದೇನ್ರೀ? ಮಾಲು ವಾಪಸ್ ಬಂದ್ರೆ ಏನ್ರೀ ಗತಿ? ಇವತ್ತಿಂದಲೇ ನಿಲ್ಲಿಸ್ರೀ!"

ಹೆಚ್ಚುಕಡಿಮೆ ಎಷ್ಟು ಎಂದು ಅವರು ಕೇಳಲೇ ಇಲ್ಲ.

ಕಬ್ಬಿಣಕ್ಕೆ ಸೆಕೆಯಾಗುತ್ತದೆಂಬ ಕಾರಣಕ್ಕೆ ಮನುಷ್ಯರಿಗೆ ವಿಶ್ರಾಂತಿ ಸಿಕ್ಕಿತು. ಫಾರಮ್ಮಿನ ಕತೆಯೂ ಮುಗಿಯಿತು. "ಈಗ ಬಿಸಿ ಹೊತ್ತಲ್ಲಿ ಯಾರೂ ಕೆಲ್ಸ ಮಾಡಲ್ವಲ್ಲ, 'ಕಡಿಮೆ'ಗೆ ಟಿಕ್ ಹಾಕಿ" ಎಂದರು ಓನರ್. ಹಾಕಿದೆ. ಅದು ಸುಳ್ಳೋ ನಿಜವೋ ಇಂದಿಗೂ ನನಗೆ ತಿಳಿಯದು.

ಕಳೆದ ಮಳೆಗಾಲದಲ್ಲಿ ಕ್ಯೂಸಿ ಸಾರ್ ತೀರಿಕೊಂಡರು. ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಕೂತವರು ಹಾಗೆಯೇ. ಅವರ ಜಾಗಕ್ಕೆ ಪಾಲಿಟೆಕ್ನಿಕ್ ಓದಿದ ಹುಡುಗಿ ಬಂದಳು. ಬಹಳ ಚುರುಕು. ಮೊನ್ನೆ ಬೇಸಿಗೆ ಬಂದು ಮಧ್ಯಾಹ್ನದ ಎರಡು ಗಂಟೆ ವಿಶ್ರಾಂತಿ ಮತ್ತೆ ಶುರುವಾದಾಗ ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಮಧ್ಯಾಹ್ನ ಮೆಷಿನ್ ಯಾಕೆ ನಿಲ್ಲಿಸ್ತಾರೆ? ಮಾಲು ಹಿಗ್ಗುತ್ತೆ ಸರಿ. ಆದ್ರೆ ಅಳೆಯೋ ಮೈಕ್ರೋಮೀಟರೂ ಅದೇ ಬಿಸಿಯಲ್ಲಿ ಇರುತ್ತಲ್ಲ? ಅದೂ ಹಿಗ್ಗುತ್ತೆ. ಹೆಚ್ಚೂಕಮ್ಮಿ ಸರಿಹೋಗಿಬಿಡುತ್ತೆ ಸಾರ್. ಇದು ಫಸ್ಟ್ ಇಯರ್ ಪಾಠ."

ಮೊದಲ ವರ್ಷದ ಪಾಠ ನಲವತ್ತು ವರ್ಷ ಅಳೆದವರಿಗೆ ತಿಳಿದಿರಲಿಲ್ಲವೇ? ಅವಳ ಜೊತೆ ಆ ತಣ್ಣನೆಯ ಕೋಣೆಗೆ ಹೋಗಿ ಹಳೆಯ ರಿಜಿಸ್ಟರ್ ತೆರೆಸಿದೆ. ಸಾಬಣ್ಣ ಬಿದ್ದ ದಿನ ಕೋಣೆಯ ಬಿಸಿ ಏರಿತ್ತು. ಕಾರಣದ ಖಾನೆಯಲ್ಲಿ 'ಬಾಗಿಲು ತೆರೆದಿತ್ತು, ಬಿಸಿಲಿಂದ ಬಂದವರು ಸುಧಾರಿಸಿಕೊಳ್ಳುತ್ತಿದ್ದರು' ಎಂದಿತ್ತು. ಎರಡು ದಿನದ ನಂತರದ ಪುಟದಲ್ಲಿ ಆ ತಟ್ಟೆಯ ಸರಳುಗಳ ಅಳತೆ, ಒಂದರ ಕೆಳಗೊಂದು, ದುಂಡಗಿನ ಅಕ್ಷರದಲ್ಲಿ. ಪಕ್ಕದ 'ಹೆಚ್ಚುಕಡಿಮೆ' ಖಾನೆ ಖಾಲಿ. ಅಷ್ಟು ವರ್ಷಗಳಲ್ಲಿ ಅದೊಂದೇ ಪುಟ. ಬೇಕೆಂದೇ ಬಿಟ್ಟರೋ, ಅಷ್ಟರಲ್ಲಿ ಟೀ ಬಂದು ಮರೆತರೋ, ಯಾರನ್ನು ಕೇಳಲಿ?

"ಓನರ್‌ಗೆ ಹೇಳ್ಲಾ ಸಾರ್?" ಎಂದಳು ಹುಡುಗಿ. ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷ.

ಗಂಟಲು ಸರಿಮಾಡಿಕೊಂಡು, ಆದಷ್ಟು ಅವರ ಧಾಟಿಯಲ್ಲೇ ಹೇಳಿದೆ: "ಹೇಳಮ್ಮ, ಧಾರಾಳವಾಗಿ ಹೇಳು. ಆದರೆ 'ಹೆಚ್ಚೂಕಮ್ಮಿ ಸರಿಹೋಗುತ್ತೆ' ಅಂದ್ಯಲ್ಲ, ಆ ಹೆಚ್ಚೆಷ್ಟು, ಕಮ್ಮಿಯೆಷ್ಟು ಅಂತ ಮೊದಲು ಅಳೆದು ಈ ಖಾನೇಲಿ ತುಂಬು. ಅವಸರ ಇಲ್ಲ."

ಅವಳು ನನ್ನ ಮುಖವನ್ನೂ ಖಾಲಿ ಖಾನೆಯನ್ನೂ ನೋಡಿದಳು. ಕಿಟಕಿಯ ಗಾಜಿನಾಚೆ ಮೆಷಿನ್‌ಗಳು ಒಂದೊಂದಾಗಿ ನಿಂತವು. ಸಾಬಣ್ಣ ಟವೆಲ್ ಹಾಸಿಕೊಂಡು ಗೇಟಿನ ಹೊಂಗೆ ಮರದ ಕೆಳಗೆ ಮಲಗಿದ. ಹುಡುಗಿ ರಿಜಿಸ್ಟರ್ ಮುಚ್ಚಿ, ಗೋಡೆಯ ಮೊಳೆಯಲ್ಲೇ ಉಳಿದಿದ್ದ ಅವರ ಕಂದು ಸ್ವೆಟರ್ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಟೈಮ್ ಹಿಡಿಯುತ್ತೆ ಸಾರ್" ಎಂದಳು.