ಹಳಿಯಡಿಯ ಜಾತಕ

ಕಬಕದ ನಮ್ಮ ಮನೆ ನೋಡಲು ಬಂದಿದ್ದ, ನನಗೆ ಗೊತ್ತುಮಾಡಲಿದ್ದ ಹುಡುಗಿಯ ಸೋದರಮಾವ ಇದ್ದಕ್ಕಿದ್ದಂತೆ ಚಾವಡಿಯ ನೆಲದಲ್ಲಿ ಬೋರಲು ಮಲಗಿಬಿಟ್ಟರು. ಮಂಚದಡಿಯಲ್ಲಿದ್ದ ನನ್ನ ರೈಲು ಅವರ ಕಣ್ಣಿಗೆ ಬಿದ್ದಿತ್ತು! ಇಪ್ಪತ್ತೊಂಬತ್ತು ದಾಟಿದ ಗಂಡು ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಯಲ್ಲಿ ರೈಲು ಕಟ್ಟುತ್ತಾನೆಂದು ತಿಳಿದರೆ ಸಂಬಂಧ ತಪ್ಪೀತೆಂದು ಅಮ್ಮ ಅದನ್ನು ಹಳಿ ಸಮೇತ ಅಲ್ಲಿಗೆ ತಳ್ಳಿದ್ದಳು. ಎಂಬತ್ತರ ದಶಕದ ಮಾತು. ಇಟ್ಟಿಗೆ, ಹಳಿ, ಬ್ಯಾಟರಿ ಎಂಜಿನ್ ನೆರೆಮನೆಯ ಹಮೀದ್ ಗಲ್ಫಿನಿಂದ ತಂದುಕೊಟ್ಟದ್ದು. ಬೋಗಿಗಳ ವಿನ್ಯಾಸ ಮಾತ್ರ ನನ್ನದೇ.

"ಓಡಿಸಿ, ನೋಡುವಾ" ಎಂದರು ಮಾವ. ಓಡಿಸಿದೆ. ತಿರುವಿನಲ್ಲಿ ರೈಲು ಎಂದಿನಂತೆ ಮಗುಚಿತು. ಅವರು ಸುಬ್ರಹ್ಮಣ್ಯದ ಘಾಟಿಯಲ್ಲಿ ರೈಲು ಹಳಿ ದುರಸ್ತಿಯ ಮೇಸ್ತ್ರಿಯೆಂದು ನನಗೆ ಗೊತ್ತಾದದ್ದು ಆಗಲೇ.

"ಎಂತ ಮಾರಾಯ್ರೆ, ತಿರುವಿನಲ್ಲಿ ಹೊರಗಿನ ಹಳಿ ಎತ್ತರ ಬೇಡ್ವಾ? ಎರಡೂ ಸಮ ಇಟ್ರೆ ಬೀಳುದೇ!" ಎಂದು ಗದರಿ, ಹೊಂದಾಣಿಕೆ ನೋಡಲು ತಂದಿದ್ದ ಹುಡುಗಿಯ ಜಾತಕವನ್ನು ಕಿಸೆಯಿಂದ ತೆಗೆದು, ಮಡಚಿ, ಹೊರಗಿನ ಹಳಿಯಡಿ ತುರುಕಿದರು. ಸಾಲಲಿಲ್ಲ. ನನ್ನ ಜಾತಕವನ್ನೂ ತರಿಸಿ ತುರುಕಿದರು. ರೈಲು ಬೀಳದೆ ಮೂರು ಸುತ್ತು ಬಂತು. ನಮ್ಮಲ್ಲಿ ಸೋದರಮಾವ ಒಪ್ಪಿದರೆ ಮುಗಿಯಿತು. ಅವರು ಅಂಗಿಯ ಧೂಳು ಕೊಡವುತ್ತ, "ಹುಡುಗ ಅಡ್ಡಿಲ್ಲ, ಹೇಳಿದ್ದು ಕೇಳ್ತಾನೆ" ಎಂದರು.

ಆಮೇಲೆ ಮದುವೆ ಮುಗಿಯುವವರೆಗೂ ಜಾತಕದ ನೆನಪು ಯಾರಿಗೂ ಆಗಲಿಲ್ಲ. ಮೊಮ್ಮಕ್ಕಳಾದರೂ ಅವೆರಡೂ ಹಳಿಯಡಿಯಲ್ಲೇ ಇವೆ. ಜಗಳವಾದಾಗಲೆಲ್ಲ ನಾನು, ತೆಗೆದು ಜೋಯಿಸರಿಗೆ ತೋರಿಸುತ್ತೇನೆ ಎಂದು ಹೆದರಿಸುತ್ತೇನೆ. ಹೆಂಡತಿ ತಲೆಯೆತ್ತದೆ ಹೇಳುತ್ತಾಳೆ: "ಬೇಡ, ರೈಲು ಬೀಳ್ತದೆ."