ಬೆಕ್ಕಿನ ಕಣ್ಣಿನ ಮನೆಯಲ್ಲಿ ಒಂದು ಮಧ್ಯಾಹ್ನ

ಚೌಡಿ ಕಾಣಿಸಿಕೊಂಡಳು, ಸತ್ತವರು ಬಂದು ಕರೆದರು ಎಂಬಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವಳು ನಾನು. ಸಾಗರದ ಕಾಲೇಜೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ "ನೀವು ಕಣ್ಣಾರೆ ಕಂಡಿದ್ದೀರಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಇವತ್ತು ನನ್ನನ್ನೇ ಯಾರಾದರೂ ಹಾಗೆ ಕೇಳಿದರೆ, ಕಂಡಿಲ್ಲ ಎಂದೇ ಹೇಳಬೇಕಾಗುತ್ತದೆ. ಕಂಡಿಲ್ಲ, ಕೇಳಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಅದು ಸುಳ್ಳೆಂದು ತಳ್ಳಿಹಾಕಲೂ ಆಗದೆ ಒದ್ದಾಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಸ್ಕಾಟ್ಲೆಂಡಿನಿಂದ ಐಲೀನ್ ಎಂಬ ಹೆಂಗಸು ಸಾಗರಕ್ಕೆ ಬಂದರು. ಪರಿಚಯದವರೊಬ್ಬರು, "ನಿಮಗೆ ಇಂಗ್ಲಿಷ್ ಬರುತ್ತೆ, ನಾಲ್ಕು ದಿನ ಜೊತೆಗಿರಿ" ಎಂದು ಕೇಳಿಕೊಂಡಿದ್ದರಿಂದ ನಾನು ಒಪ್ಪಿದೆ. ಅರವತ್ತು ದಾಟಿದ, ನರ್ಸ್ ಕೆಲಸದಿಂದ ನಿವೃತ್ತರಾದ, ಕಡಿಮೆ ಮಾತಿನ ಹೆಂಗಸು. ಗಂಡ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ, ಮಕ್ಕಳಿರಲಿಲ್ಲ. ಒಂಟಿತನ ಕಳೆಯಲು ತಮ್ಮ ವಂಶದ ಹಿರಿಯರನ್ನು ಹುಡುಕುವುದಕ್ಕೆ ಕೂತಿದ್ದರು. ಅವರ ದೇಶದ ಹಳ್ಳಿ ಹಳ್ಳಿಯ ಚರ್ಚುಗಳಲ್ಲಿ ಹಿಂದಿನ ಕಾಲದ ಮದುವೆಗಳನ್ನು ಬರೆದಿಟ್ಟ ಪುಸ್ತಕಗಳಿವೆಯಂತೆ. ಈಗ ಅವೆಲ್ಲ ಕಂಪ್ಯೂಟರಿನಲ್ಲಿ ನೋಡಲು ಸಿಗುತ್ತವೆ. ಅಮ್ಮನ ಮದುವೆ, ಅಜ್ಜಿಯ ಮದುವೆ, ಅವರ ಅಮ್ಮನ ಮದುವೆ ಎಂದು ಒಂದೊಂದೇ ಮೆಟ್ಟಿಲು ಹಿಂದೆ ಹೋಗುತ್ತಾ, ನೂರೈವತ್ತು ವರ್ಷಕ್ಕೂ ಹಿಂದಿನ ಆಂಡ್ರ್ಯೂ ಎಂಬವನ ಹತ್ತಿರ ಅವರು ಬಂದು ನಿಂತಿದ್ದರು. ಅವನ ಹೆಸರಿನ ಮುಂದೆ 'ಮೈಸೂರು ಸೀಮೆಯ ನಗರದಲ್ಲಿದ್ದವನು' ಎಂದು ಬರೆದಿತ್ತು. ನಗರವೆಂದರೆ ನಮ್ಮ ಹೊಸನಗರ ತಾಲ್ಲೂಕಿನ ನಗರವೇ. ಘಟ್ಟದ ರಸ್ತೆ ಮಾಡಿಸಲು ಬಂದ ಮೇಸ್ತ್ರಿಗಳಲ್ಲಿ ಅವನೊಬ್ಬ.

"ನನ್ನವರು ಅಂತ ಹೇಳಿಕೊಳ್ಳುವುದಕ್ಕೆ ಉಳಿದಿರುವುದು ಈ ಸತ್ತವರು ಮಾತ್ರ" ಎಂದರು ಐಲೀನ್, ಮೊದಲ ದಿನ ವರದಹಳ್ಳಿಯ ಆಶ್ರಮ ನೋಡಿ ವಾಪಸು ಬರುವಾಗ. ಅದನ್ನು ನಗುತ್ತಲೇ ಹೇಳಿದರು. ನನಗೆ ಮಾತ್ರ ನಗಲಾಗಲಿಲ್ಲ. ಮುಂದೆ ನಾನು ಮಾಡಿದ್ದಕ್ಕೆಲ್ಲ ಆ ಮಾತೇ ನೆಪವಾಯಿತು.

ನಮ್ಮ ಕಾಲೇಜಿನ ನಾಗರಾಜ್ ಕೋಣಂದೂರು ಕಡೆಯವರು. ವಿಷಯ ಕೇಳಿ, "ನಮ್ಮೂರ ಹತ್ರ ದೊರೆ ಬಂಗಲೆ ದಿಬ್ಬ ಅಂತ ಒಂದಿದೆ ಮೇಡಂ. ಘಟ್ಟದ ರಸ್ತೆ ಮಾಡಿಸಿದ ದೊರೆ ಇದ್ದದ್ದು ಅಲ್ಲೇ ಅಂತಾರೆ. ಪಕ್ಕದಲ್ಲೇ ಬೆಕ್ಕಿನ ಕಣ್ಣಿನ ಮನೆ. ಆ ಮನೆ ಅಜ್ಜಿನ ಕೇಳಿ" ಎಂದರು. ಮಾರನೇ ದಿನ ನಾನೇ ಕಾರು ಓಡಿಸಿಕೊಂಡು ಐಲೀನರನ್ನು ಕರೆದೊಯ್ದೆ. ಹೊಸನಗರ, ಹುಂಚ ದಾಟಿ, ಮುಖ್ಯರಸ್ತೆ ಬಿಟ್ಟು ಅಕೇಶಿಯಾ ನೆಡುತೋಪಿನ ನಡುವೆ ಧೂಳು ಹಾದಿಯಲ್ಲಿ ಹೋಗಿ ಆ ಮನೆ ತಲುಪಿದಾಗ ಬಿಸಿಲು ಸುಡುತ್ತಿತ್ತು. ಜಗಲಿಯ ಮೇಲೆ ಅಜ್ಜಿಯೊಬ್ಬರು ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವರೇ ಸಿದ್ದಮ್ಮ. ಅವರು ತಲೆಯೆತ್ತಿ ನೋಡಿದರು. ಕಪ್ಪು ಮುಖದಲ್ಲಿ ತಿಳಿ ಹಸಿರು ಕಣ್ಣು. ನನ್ನ ಪಕ್ಕದಲ್ಲಿ ನಿಂತಿದ್ದ ಐಲೀನರ ಕಣ್ಣಿನದೇ ಬಣ್ಣ.

"ಎಷ್ಟು ಚೆಂದದ ಕಣ್ಣು!" ಎಂದರು ಐಲೀನ್.

"ಈ ಕಡೆ ಕೆಲವರಿಗೆ ಹಾಗಿರುತ್ತೆ" ಎಂದೆ ನಾನು. ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ.

ಬಂದ ಕಾರಣ ಹೇಳಿದೆ. ಸಿದ್ದಮ್ಮನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಬಂದ್ರಾ? ಕೂತ್ಕಳಿ" ಎಂದು ಚಾಪೆ ಸರಿಸಿದರು. ಹುಣಸೆ ಬಿಡಿಸುತ್ತಲೇ ಮಾತು ಶುರು ಮಾಡಿದರು.

"ನಮ್ಮ ಹಿರೀಕ್ರಲ್ಲಿ ಒಬ್ಳು ಆ ಬಂಗ್ಲೆಗೆ ಕೆಲಸಕ್ಕೆ ಹೋಗ್ತಿದ್ಲಂತೆ. ದೊರೆನೇ ಅವಳಿಗೆ ತಾಳಿ ಕಟ್ಟಿದ್ನಂತೆ, ನಾಕು ಜನರ ಎದ್ರಿಗೆ. ಎರಡು ಮಕ್ಳಾದ್ವು. ಆಮೇಲೆ ನಮ್ಮೂರಿಗೆ ಹೋಗಿ ಬರ್ತೀನಿ ಅಂತ ಹೋದವ್ನು ಬರ್ಲೇ ಇಲ್ಲ. ಜಾತಿಯೋರು ಅವಳನ್ನ ಒಳಗೆ ಸೇರಿಸ್ಲಿಲ್ಲ. ಸಾಯೋವರ್ಗೂ ಕರಿಮಣಿ ಮಾತ್ರ ತೆಗೀಲಿಲ್ವಂತೆ. ಅವ್ನು ಸತ್ತ ಸುದ್ದಿ ತನ್ನಿ, ಆಗ ತೆಗಿತೀನಿ ಅಂತಿದ್ಲಂತೆ." ಐಲೀನರತ್ತ ನೋಡಿ, "ಹೇಳಿ ಮೇಡಮ್ಮ, ಅವ್ರಿಗೆ ಇದನ್ನೆಲ್ಲ ಹೇಳಿ" ಎಂದರು.

ಐಲೀನ್ ಆಸೆಯಿಂದ ನನ್ನ ಮುಖ ನೋಡುತ್ತಿದ್ದರು. ಅವರ ಮನೆಯಲ್ಲಿ ಆಂಡ್ರ್ಯೂ ಎಂದರೆ ದೈವಭಕ್ತ, ಸಾಧು ಮನುಷ್ಯ, ಊರಿನ ಚರ್ಚಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿಕೊಟ್ಟವನು. ಅಷ್ಟು ದೂರದಿಂದ ಬಂದವರ ಕೈಯಲ್ಲಿರುವ ಆ ಒಂದು ಹೆಸರನ್ನೂ ಹೇಗೆ ಕಿತ್ತುಕೊಳ್ಳಲಿ? "ಇವರ ಮನೆಯವರು ಬಂಗಲೆಯಲ್ಲಿ ಕೆಲಸಕ್ಕಿದ್ದರಂತೆ. ಅವನನ್ನು ಈಗಲೂ ನೆನೆಯುತ್ತಾರೆ" ಎಂದೆ. ಅದರಲ್ಲಿ ಅಕ್ಷರಶಃ ಸುಳ್ಳೆಂಬುದು ಒಂದೂ ಇರಲಿಲ್ಲ. ಐಲೀನ್ ಕಣ್ಣೊರೆಸಿಕೊಂಡರು. ಸಿದ್ದಮ್ಮ ಅದನ್ನು ನೋಡಿ, ತಾವು ಹೇಳಿದ್ದು ತಲುಪಿತು ಎಂದುಕೊಂಡು ತಲೆಯಾಡಿಸಿದರು.

"ಅವ್ನು ಅಲ್ಲಿ ಬೇರೆ ಮದುವೆ ಆದ್ನಾ? ಅದೊಂದು ಕೇಳಿ" ಎಂದರು ಸಿದ್ದಮ್ಮ.

ಕೇಳುವ ಅಗತ್ಯವೇ ಬರಲಿಲ್ಲ. ಐಲೀನ್ ತಾವಾಗಿಯೇ ಮೊಬೈಲ್ ತೆಗೆದು ಚರ್ಚಿನ ಪುಸ್ತಕದಲ್ಲಿ ಆಂಡ್ರ್ಯೂನ ಮದುವೆ ಬರೆದಿದ್ದ ಪುಟವನ್ನು ಅಜ್ಜಿಗೆ ತೋರಿಸಿದರು. ಏನು ಬರೆದಿದೆ ಎಂದು ಸಿದ್ದಮ್ಮ ಕೇಳಿದರು. ಅಷ್ಟನ್ನಾದರೂ ಸರಿಯಾಗಿ ಹೇಳೋಣವೆಂದು ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಆ ಕಾಲದಲ್ಲಿ ಅಲ್ಲಿ ಮದುವೆಗೆ ಮೊದಲು ಗಂಡು ಹೆಣ್ಣಿನ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಕೂಗಿ, ಯಾರದಾದರೂ ತಕರಾರಿದೆಯೇ ಎಂದು ಕೇಳುತ್ತಿದ್ದರಂತೆ. ಮದುಮಗನ ಹೆಸರು ಓದಿದೆ, ಮದುಮಗಳ ಹೆಸರು ಓದಿದೆ. "ಮೂರು ಸಲ ಕೂಗಿದರೂ ಯಾರೂ ತಕರಾರು ಮಾಡಲಿಲ್ಲ" ಎಂಬ ಕೊನೆಯ ಸಾಲನ್ನೂ ಓದಿದೆ.

"ನಾನಿದೀನಲ್ಲ."

ಮನೆಯ ಒಳಗಿನಿಂದ ಬಂದ ಹೆಣ್ಣಿನ ದನಿ. ಜೋರಾಗಿರಲಿಲ್ಲ, ಅಳುವೂ ಅಲ್ಲ, ಸಿಟ್ಟೂ ಅಲ್ಲ. ಹಾಜರಿ ಕರೆದಾಗ ತನ್ನ ಹೆಸರು ಬಿಟ್ಟುಹೋದವಳು ಹೇಳುವ ಹಾಗೆ ಇತ್ತು. ಬಾಗಿಲಿನ ಒಳಗೆ ಕತ್ತಲು, ಏನೂ ಕಾಣಲಿಲ್ಲ. ಈ ಮನೆಯ ಸೊಸೆ ನಮ್ಮ ಮಾತಿಗೆ ಕಿವಿಗೊಟ್ಟು ನಿಂತು ಚುಚ್ಚಿದಳು ಎಂದುಕೊಂಡೆ.

ಐಲೀನ್ ಬಾಗಿಲ ಕಡೆ ತಿರುಗಿ, "ಒಳಗಿರುವವರು ಏನಂದರು?" ಎಂದು ಕೇಳಿದರು.

"ಸೊಸೆ. ಕಾಫಿ ಮಾಡಲಾ ಅಂದಳು" ಎಂದೆ. ಆ ಹೊತ್ತಿಗೆ ಸುಳ್ಳು ನನ್ನ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು.

"ತೊಂದರೆ ತೆಗೆದುಕೊಳ್ಳುವುದು ಬೇಡ ಅನ್ನಿ" ಎಂದ ಐಲೀನ್, ಬಾಗಿಲ ಕಡೆ ನೋಡಿ ತಾವೇ ಥ್ಯಾಂಕ್ ಯು ಎಂದರು.

ಸಿದ್ದಮ್ಮ ಹುಣಸೆಹಣ್ಣಿನಿಂದ ಕಣ್ಣೆತ್ತಿರಲಿಲ್ಲ. "ನಿಮ್ಮ ಸೊಸೆಗೆ ನಮ್ಮ ಮೇಲೆ ಬೇಜಾರೇನೋ" ಎಂದೆ.

"ಸೊಸೆ ಎಲ್ಲಿ? ಗಂಡ ಹೆಂಡ್ತಿ ಬೆಳಿಗ್ಗೆನೇ ತೀರ್ಥಹಳ್ಳಿಗೆ ಹೋಗ್ಯಾರೆ. ಮನೇಲಿ ನಾನೊಬ್ಳೇ" ಎಂದರು.

ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ನಡುಮನೆ, ಅಡುಗೆಮನೆ, ಒಂದು ಚಿಕ್ಕ ಕೋಣೆ. ಯಾರೂ ಇಲ್ಲ. ರೇಡಿಯೋ, ಟಿ.ವಿ. ಯಾವುದೂ ಹಾಕಿರಲಿಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಹೊರಗೆ ಬಂದೆ. ಆಗಲಾದರೂ ಐಲೀನರಿಗೆ ಎಲ್ಲವನ್ನೂ ಹೇಳಬಹುದಿತ್ತು. ಹೇಳಲಿಲ್ಲ. ಹೊರಡುವಾಗ ಐಲೀನ್, ಸಿದ್ದಮ್ಮ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಸುಮಾರು ಹೊತ್ತು ನಿಂತರು. ನನ್ನವರು ಯಾರೂ ಇಲ್ಲ ಎಂದಿದ್ದ ಹೆಂಗಸು ತನ್ನದೇ ರಕ್ತದವರ ಕೈ ಹಿಡಿದಿದ್ದರು. ಇದು ಗೊತ್ತಿದ್ದವಳು ನಾನೊಬ್ಬಳು, ನಾನು ಕಾರಿನ ಕೀಲಿ ಹುಡುಕುತ್ತಿದ್ದೆ.

ಐಲೀನ್ ಊರಿಗೆ ಮರಳಿದ ಮೇಲೆ ನನಗೆ ನಿದ್ದೆ ಹತ್ತದಾಯಿತು. ಪಕ್ಕದ ಮನೆಯವರ ದನಿ ಇರಬಹುದೇ ಎಂದು ಪರೀಕ್ಷಿಸಲು ಒಬ್ಬಳೇ ಮತ್ತೆ ಅಲ್ಲಿಗೆ ಹೋದೆ. ಪಕ್ಕದ ಮನೆ ಎಂಬುದೇ ಇರಲಿಲ್ಲ. ತೋಪು ದಾಟಿಯೇ ಮುಂದಿನ ಮನೆ. ಜಗಲಿಯಲ್ಲಿ ಕೂತು ಬಹಳ ಹೊತ್ತು ಕಾದೆ. ಏನೂ ಕೇಳಲಿಲ್ಲ.

"ಅವ್ರು ಏನಂದ್ರು ಮೇಡಮ್ಮ, ಎಲ್ಲ ತಿಳಿದ್ಮೇಲೆ?" ಎಂದರು ಸಿದ್ದಮ್ಮ.

"ಬಹಳ ನೊಂದುಕೊಂಡರು" ಎಂದುಬಿಟ್ಟೆ.

ಅಜ್ಜಿ ದೊಡ್ಡದೊಂದು ಉಸಿರು ಬಿಟ್ಟು, "ಅಷ್ಟು ಸಾಕು ಬಿಡಿ" ಎಂದರು. ಅವರ ಮುಖದಲ್ಲಿ ಸಮಾಧಾನ ಮೂಡಿದ್ದನ್ನು ನೋಡಲಾರದೆ ಬೇಗ ಎದ್ದು ಬಂದೆ.

ಈಚೆಗೆ ಐಲೀನರಿಂದ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂತು. ಆ ಮನೆಯ ಒಳಗಿನಿಂದ ಕೇಳಿದ ದನಿ ಕಿವಿಯಿಂದ ಹೋಗುತ್ತಲೇ ಇಲ್ಲವಂತೆ. ತಮಗೆ ಕೇಳಿಸಿದ ಹಾಗೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಒಂದಕ್ಷರವೂ ತಪ್ಪಿರಲಿಲ್ಲ. ಕೆಳಗೆ, "ಇದರಲ್ಲಿ ಕಾಫಿ ಎಂಬ ಪದ ಯಾವುದು?" ಎಂದು ಕೇಳಿದ್ದರು.

ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಆ ಮಾತಿನ ಅರ್ಥವನ್ನಷ್ಟೇ ಕಳಿಸಿದೆ. ಕೂಡಲೇ ಉತ್ತರ ಬಂತು: "ಯಾರು ಅವರು?"

ಇನ್ನು ಮುಚ್ಚಿಡಲಾರೆ, ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದೆ. ಅವಳ ಹೆಸರನ್ನಾದರೂ ಮೊದಲು ಸರಿಯಾಗಿ ತಿಳಿದುಕೊಳ್ಳೋಣವೆಂದು ನಾಗರಾಜ್ ಕಡೆಯಿಂದ ನಂಬರ್ ತೆಗೆದುಕೊಂಡು ಸಿದ್ದಮ್ಮನಿಗೆ ಫೋನ್ ಮಾಡಿದೆ.

"ಹೆಸ್ರಾ?" ಎಂದರು ಅಜ್ಜಿ. "ಯಾರಿಗ್ ಗೊತ್ತು ಮೇಡಮ್ಮ. ಅವಳ ಹೆಸ್ರನ್ನ ಮನೇಲಿ ಯಾರೂ ಎತ್ತುತಾನೇ ಇರ್ಲಿಲ್ಲ."

ಐಲೀನರ ಪ್ರಶ್ನೆ ನನ್ನ ಮೊಬೈಲಿನಲ್ಲಿ ಇನ್ನೂ ಹಾಗೇ ಇದೆ.