ಬಾಲ ಬಿಟ್ಟು ಅಳೆಯುವ ಸಮೂನ್

ನಮ್ಮ ಸ್ತುಂಗ್ ತ್ರೆಂಗ್ ಊರಿನ ಹೊಳೆದಡದಲ್ಲಿ ಸಮೂನ್ ಹಿಡಿದಷ್ಟು ದೊಡ್ಡ ಮೀನುಗಳನ್ನು ಬೇರೆ ಯಾರೂ ಹಿಡಿದಿಲ್ಲ. ಅವನ್ನು ಯಾರೂ ನೋಡಿಯೂ ಇಲ್ಲ. ಮೂವತ್ತು ವರ್ಷ ನನ್ನ ಕಾಫಿ ಅಂಗಡಿಯ ಬೆಂಚಿನಲ್ಲಿ ಅವನು ಕೈ ಅಗಲಿಸಿ ಹೇಳುತ್ತಿದ್ದ ಮೀನುಗಳಿಗೆ ಪಕ್ಕದವರು ಸರಿದು ಜಾಗ ಕೊಡಬೇಕಾಗುತ್ತಿತ್ತು. ಮೀನು ಸಂಶೋಧನಾ ಕೇಂದ್ರದವರು ಅಂಥವನನ್ನೇ ಅಳತೆಯ ಕೆಲಸಕ್ಕೆ ಆರಿಸಿದರೆಂದು ಕೇಳಿ ಅವನ ಹೆಂಡತಿ ಯೇಂಗ್ ನಗುತ್ತ ಕೂತು ಒಲೆಯ ಮೇಲಿನ ಅನ್ನ ಸೀಯಿಸಿದಳು.

ಯಾವ ಮೀನು ಯಾವ ತಿಂಗಳು ಹೊಳೆ ಹತ್ತಿ ಬರುತ್ತದೆ, ಎಷ್ಟುದ್ದ ಇರುತ್ತದೆ ಎಂದು ದಡಕ್ಕೆ ಬರುವ ಪ್ರತಿ ದೋಣಿಯ ಮೀನನ್ನು ಅಳೆದು ದಿನವೂ ಬರೆದಿಡುವುದೇ ಕೆಲಸ. ಕೇಂದ್ರದ ವಿಜ್ಞಾನಿ ದಾಲಿಸ್ ಎಂಬ ಹುಡುಗಿ ಬಂದು ಅಳತೆಪಟ್ಟಿ ಅಂಟಿಸಿದ ಹಲಗೆಯನ್ನೂ ಪುಸ್ತಕವನ್ನೂ ಕೊಟ್ಟಳು. ಮೂತಿಯಿಂದ ಬಾಲ ಕವಲೊಡೆಯುವ ಜಾಗದವರೆಗೆ ಮಾತ್ರ ಅಳೆಯಬೇಕು, ಬಾಲದ ತುದಿ ಹರಿದಿರುವುದುಂಟು, ಅದು ಲೆಕ್ಕಕ್ಕಿಲ್ಲ ಎಂದಳು. ಮೀನಿನ ಮೀಸೆಯಾದರೂ ಸೇರುತ್ತದೆಯೇ ಎಂದು ಸಮೂನ್ ಆಸೆಯಿಂದ ಕೇಳಿದ. ಅದೂ ಇಲ್ಲವಂತೆ. ಮೀನುಗಳು ವರ್ಷದಿಂದ ವರ್ಷಕ್ಕೆ ಸಣ್ಣವಾಗುತ್ತಿವೆಯೋ ಏನೋ, ಸುಳ್ಳು ಬರೆದರೆ ಗೊತ್ತಾಗುವುದೇ ಇಲ್ಲ ಎಂದಳು. ಸಮೂನ್ ತನ್ನ ಬಲೆಯ ಕಣ್ಣಿಗೆ ಬೆರಳು ತೂರಿಸಿ ನೋಡಿದ. ಅವನ ಅಪ್ಪನ ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ತೂರುತ್ತಿದ್ದವು, ಅವನದರಲ್ಲಿ ಎರಡೇ.

ಅಂದಿನಿಂದ ಅವನು ಬೇರೆಯೇ ಮನುಷ್ಯನಾದ. ಮೊದಲು ಸಿಕ್ಕಿಬಿದ್ದವನು ಜೀವದ ಗೆಳೆಯ ಚಿಯಾ. ಸೊಂಟದೆತ್ತರದ ಪ್ರಾ ಮೀನು ತಂದಿದ್ದೇನೆಂದು ಸಾರುತ್ತ ಬಂದ. ಹಲಗೆಯ ಮೇಲೆ ಅದು ಐವತ್ತೆಂಟು ಸೆಂಟಿಮೀಟರಿಗೆ ನಿಂತಿತು.

“ಬಾಲ ಯಾರದ್ದು ಮತ್ತೆ? ನಿಮ್ಮತ್ತೇದಾ?” ಎಂದ ಚಿಯಾ.

“ಬಾಲ ಕೇಂದ್ರದೋರು ತೆಗೆದಿದ್ದಾರೆ ಕಣೋ. ನನ್ನನ್ನ ಕೇಳಬೇಡ.”

ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಆದರೆ ಅಂಗಡಿಯಲ್ಲಿ ಯಾರೇ ಬಾಯಿ ತೆರೆದರೂ ಸಮೂನ್ ಪುಸ್ತಕ ತೆರೆದು ಅವರ ಮೀನಿನ ಅಳತೆಯನ್ನು ಗಟ್ಟಿಯಾಗಿ ಓದತೊಡಗಿದ. ವಾರದೊಳಗೆ ಬೆಂಚಿನ ಮೇಲೆ ಹವಾಮಾನದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಒಂದು ಲೋಟ ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಚಿಯಾ ಅವನ ಜೊತೆ ಮಾತು ಬಿಟ್ಟ. ಉಳಿದವರು ಅಳತೆ ತಪ್ಪಿಸಲು ದೋಣಿಗಳನ್ನು ಕೆಳಗಿನ ಕಡವಿಗೆ ತಿರುಗಿಸಿದರು.

ತಿಂಗಳಾದ ಮೇಲೆ ದಾಲಿಸ್ ಬಂದು ಖಾಲಿ ಹಾಳೆಗಳನ್ನು ನೋಡಿ ಗಾಬರಿಯಾದಳು. ಮೀನು ಈ ವರ್ಷ ಬರಲೇ ಇಲ್ಲವೇ? ಮೀನು ಬಂದಿದೆ, ಜನ ಬರುತ್ತಿಲ್ಲ ಎಂದು ಸಮೂನ್ ನಡೆದದ್ದನ್ನೆಲ್ಲ ಹೇಳಿದ.

“ನಾನು ಬರೀರಿ ಅಂದೆ ಚಿಕ್ಕಪ್ಪ,” ಎಂದಳು ಅವಳು, “ಊರಿಗೆಲ್ಲ ಸಾರಿ ಅಂದಿರಲಿಲ್ಲ.”

ಮರುದಿನ ಬೆಳಿಗ್ಗೆ ಸಮೂನ್ ಚಿಯಾನ ಮನೆಯ ಮೆಟ್ಟಿಲಲ್ಲಿ ಹೋಗಿ ಕೂತ. ಒಳಗಿನಿಂದ ಯಾರೂ ಕರೆಯಲಿಲ್ಲ. ಕಡೆಗೆ ಅವನೇ ಬಾಗಿಲಿಗೆ ಹೇಳಿದ: “ಪುಸ್ತಕದಲ್ಲಿರೋದು ಇನ್ಮೇಲೆ ಪುಸ್ತಕದಲ್ಲೇ ಇರುತ್ತೆ. ಅಂಗಡೀಲಿ ನೀನು ಎಷ್ಟುದ್ದ ಅಂದ್ರೂ ನಾನು ಹೂಂ ಅಂತೀನಿ.”

ಒಳಗಿನಿಂದ ಚಿಯಾನ ದನಿ ಬಂತು. “ಬಾಲಾನೂ ಸೇರಿಸ್ತೀನಿ.”

“ಸೇರಿಸು.”

ಈಗ ಅಳತೆಗೆ ಬರುವ ಮೊದಲ ದೋಣಿ ಚಿಯಾನದೇ. ಹಿಂದೆ ನಿಂತವರಿಗೆ ಅಂಕಿ ಕಾಣದಂತೆ ಅವನು ಟೋಪಿ ಅಡ್ಡ ಹಿಡಿಯುತ್ತಾನೆ, ಸಮೂನ್ ತಲೆ ತಗ್ಗಿಸಿ ಬರೆಯುತ್ತಾನೆ, ಆಮೇಲೆ ಇಬ್ಬರೂ ಗಂಭೀರವಾಗಿ ಕಾಫಿಗೆ ಬರುತ್ತಾರೆ. ಅಂಗಡಿಯಲ್ಲಿ ಚಿಯಾನ ಮೀನು ದಿನಕ್ಕೊಂದು ಗೇಣು ಬೆಳೆಯುತ್ತಿದೆ. ಸಮೂನ್ ಲೋಟದೊಳಗೆ ನೋಡುತ್ತ ಹೂಂ ಅನ್ನುತ್ತಾನೆ. ಅದು ಅವನಿಗೆ ಎಷ್ಟು ಕಷ್ಟವೆಂದು ಅವನ ಕಿವಿಯ ಕೆಂಪು ನೋಡಿದರೆ ಗೊತ್ತಾಗುತ್ತದೆ. ಈ ವರ್ಷ ನೀರಿಳಿಯುವ ಮೊದಲೇ ಪುಸ್ತಕ ತುಂಬಿ, ದಾಲಿಸ್ ಇನ್ನೊಂದನ್ನು ತರಬೇಕಾಯಿತು.